ಐವತ್ತೇಳು ಭಾಗಗಳಿಂದ ಶುರುವಾದ ಅಗ್ಗ

ಗಡಿಯಾರವನ್ನು ಕೂಲಿಯವನ ಕೈಗೆಟುಕುವಂತೆ ಮಾಡಬೇಕೆಂದು ಹಟ ಹಿಡಿದವನು ಜಾರ್ಜ್ ಫ್ರೆಡರಿಕ್ ರೋಸ್ಕೋಫ್. ಜರ್ಮನಿಯಲ್ಲಿ ಹುಟ್ಟಿ ಸ್ವಿಟ್ಜರ್ಲೆಂಡಿನ ಲಾ ಶೋ ದ ಫೋಂ ಪಟ್ಟಣದಲ್ಲಿ ನೆಲೆಸಿದ್ದ ಈತ 1867ರಲ್ಲಿ ಮಾರುಕಟ್ಟೆಗೆ ಬಿಟ್ಟ ಜೇಬುಗಡಿಯಾರದ ಬೆಲೆ 20 ಫ್ರಾಂಕ್. ಒಬ್ಬ ಕಾರ್ಮಿಕನ ಒಂದು ವಾರದ ಸಂಬಳಕ್ಕೆ ಗಡಿಯಾರ ಸಿಗಬೇಕು ಎಂಬುದು ಅವನ ಲೆಕ್ಕ. ಆ ಕಾಲದ ಗಡಿಯಾರದೊಳಗೆ ನೂರೈವತ್ತಕ್ಕೂ ಮಿಕ್ಕಿ ಬಿಡಿಭಾಗಗಳಿರುತ್ತಿದ್ದವು. ರೋಸ್ಕೋಫ್ ಅವನ್ನು 57ಕ್ಕೆ ಇಳಿಸಿದ. ಊರಿನ ನುರಿತ ಕುಶಲಕರ್ಮಿಗಳು ಇದನ್ನು ಹೀನ ಕೆಲಸವೆಂದು ಮೂಗು ಮುರಿದರೂ ಅದೇ ವರ್ಷ ಪ್ಯಾರಿಸ್ ಪ್ರದರ್ಶನದಲ್ಲಿ ಅದಕ್ಕೆ ಪದಕ ಬಂತು. 1896ರಲ್ಲಿ ಅಮೆರಿಕದ ಇಂಗರ್‌ಸೋಲ್ ಕಂಪನಿ ಒಂದೇ ಡಾಲರಿಗೆ ಗಡಿಯಾರ ಮಾರಿತು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸೈನಿಕರು ಜೇಬಿಗೆ ಕೈ ಹಾಕುವ ಪುರಸೊತ್ತಿಲ್ಲದೆ ಗಡಿಯಾರವನ್ನು ಮುಂಗೈಗೆ ಕಟ್ಟಿಕೊಂಡರು. ಗಂಡಸರಲ್ಲಿ ಕೈಗಡಿಯಾರ ರೂಢಿಯಾದದ್ದು ಅಲ್ಲಿಂದೀಚೆಗೆ.

ಆ ಹೊತ್ತಿಗೆ ನಮ್ಮ ಈಗಿನ ಕೊಪ್ಪಳ ಜಿಲ್ಲೆಯ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಾಗೀರು. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಮ್ಮಿನಲ್ಲಿ ಪ್ರತಿ ಗಂಟೆಗೂ ಬೊಂಬೆಯೊಂದು ಹೊರಬಂದು ಗಂಟೆ ಬಾರಿಸುವ ದೊಡ್ಡ ಗಡಿಯಾರವಿದೆ. ಅದನ್ನು ನೋಡಲು ಇವತ್ತಿಗೂ ಜನ ಸಾಲುಗಟ್ಟಿ ಕೂರುತ್ತಾರೆ. ಅದರೊಳಗಿನ ಭಾಗಗಳು ಮುನ್ನೂರೈವತ್ತಕ್ಕೂ ಹೆಚ್ಚು. ಜಾಗೀರಿನ ಕಂದಾಯ ಕಟ್ಟುತ್ತಿದ್ದ ಎರೆಭೂಮಿಯ ರೈತನಿಗೆ ಮಾತ್ರ ಹೊತ್ತು ತಿಳಿಯಲು ನೆರಳು, ಕೋಳಿ ಕೂಗು, ಹುಬ್ಬಳ್ಳಿ–ಗುಂತಕಲ್ ರೈಲಿನ ಸದ್ದು ಇಷ್ಟೇ ಇದ್ದವು. ವಾಚು ಕಂಡರೆ ಅದು ಸಾಹುಕಾರರ, ಅಧಿಕಾರಿಗಳ ಕೈಯಲ್ಲಿ. ಅದೂ ವೆಸ್ಟ್ ಎಂಡ್, ಫಾವ್ರ್ ಲ್ಯೂಬಾದಂಥ ಸ್ವಿಸ್ ಹೆಸರುಗಳು.

ಇಲ್ಲಿಯ ಸಾಮಾನ್ಯರಿಗೆ ವಾಚು ಬೇಕೆನಿಸಿದ್ದು ಶೋಕಿಗಿಂತ ಮೊದಲು ನೀರಿನಿಂದಾಗಿ. ಮುನಿರಾಬಾದಿನ ಬಳಿ ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ ಗಂಗಾವತಿ ಭತ್ತದ ಕಣಜವಾಯಿತು. ಕಾಲುವೆಯ ನೀರಿಗೆ ಪಾಳಿ ಇರುತ್ತದೆ, ಪಾಳಿಗೆ ಗಂಟೆ ಬೇಕು. ಯಲಬುರ್ಗಾ, ಕುಷ್ಟಗಿಯ ಮಳೆಯಾಶ್ರಿತ ಹೊಲದಲ್ಲಿ ಜೋಳ, ಸಜ್ಜೆ, ಶೇಂಗಾ ಬೆಳೆಯುವವನಿಗೆ ಆ ತುರ್ತು ಇರಲಿಲ್ಲ. ಅವನಿಗದು ತಟ್ಟಿದ್ದು ಬಸ್ಸು ಬಂದಾಗ, ಮಗ ಹೈಸ್ಕೂಲು ಸೇರಿದಾಗ, ಮುಂದೆ ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಸರಿರಾತ್ರಿಯಲ್ಲಿ ಬರತೊಡಗಿದಾಗ. ಕಾಲುವೆಯ ರೈತನಿಗೆ ಭತ್ತ ಮಾರಿದ ದುಡ್ಡು ಕೈಗೆ ಬರುವ ತಿಂಗಳಾದರೂ ಗೊತ್ತಿರುತ್ತದೆ. ಮಳೆ ನಂಬಿದವನಿಗೆ ಅದೂ ಇಲ್ಲ. ಹೀಗಾಗಿ ಒಂದೇ ಜಿಲ್ಲೆಯಲ್ಲಿ ಅಗ್ಗ ಎಂಬ ಮಾತಿಗೆ ಎರಡು ಅಳತೆ ಇತ್ತು, ಈಗಲೂ ಇದೆ.

ಈ ಸೀಮೆಯ ಮೊದಲ ಅಗ್ಗದ ವಾಚು ಬೆಂಗಳೂರಿನಿಂದ ಬಂತು. 1953ರಲ್ಲಿ ಯಂತ್ರೋಪಕರಣ ತಯಾರಿಸಲೆಂದು ಹುಟ್ಟಿದ ಹಿಂದುಸ್ತಾನ್ ಮಶೀನ್ ಟೂಲ್ಸ್, ಅಂದರೆ ಎಚ್‌ಎಂಟಿ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಜಾಲಹಳ್ಳಿಯಲ್ಲಿ ವಾಚಿನ ಕಾರ್ಖಾನೆ ತೆರೆಯಿತು. ವಿದೇಶಿ ವಾಚಿಗೆ ಭಾರೀ ಸುಂಕವಿದ್ದು ಕಳ್ಳಸಾಗಣೆಯ ಮಾಲೇ ಹೆಚ್ಚು ಓಡಾಡುತ್ತಿದ್ದ ಕಾಲ ಅದು. ಜನತಾ, ಪೈಲಟ್, ಕೊಹಿನೂರ್, ಸೋನಾ ಎಂಬ ಹೆಸರುಗಳು ಊರೂರಿಗೂ ಪರಿಚಯವಾದವು. ಜನತಾದೊಳಗೆ ಕೆಲಸ ಮಾಡುವುದು 17 ಹರಳಿನ, ಚಾವಿ ಕೊಡುವ ಯಂತ್ರ. ಹರಳೆಂದರೆ ಕೃತಕ ಮಾಣಿಕ್ಯ. ಗಾಲಿಯ ಅಚ್ಚು ಲೋಹದ ಮೇಲೆ ತಿರುಗಿ ಸವೆಯದಂತೆ ಅದನ್ನು ಕೂರಿಸುತ್ತಾರೆ. ಜನತಾದ ಹೊತ್ತು ಅಳೆಯುವ ಬ್ಯಾಲೆನ್ಸ್ ಗಾಲಿ ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ ಐದು ಸಲ ಬಡಿಯುತ್ತದೆ. ದಿನಕ್ಕೆ ಅರ್ಧ ನಿಮಿಷ ಆಚೀಚೆಯಾದರೂ ಯಾರೂ ಗೊಣಗುತ್ತಿರಲಿಲ್ಲ. ಆಕಾಶವಾಣಿಯ ವಾರ್ತೆಯ ಹೊತ್ತಿಗೆ ಮುಳ್ಳು ಸರಿಪಡಿಸಿಕೊಂಡರೆ ಆಯಿತು.

ಜನತಾದ ದೊಡ್ಡ ಗುಣ ಬೆಲೆಯಲ್ಲಿ ಕಾಣುವುದಿಲ್ಲ, ರಿಪೇರಿಯಲ್ಲಿ ಕಾಣುತ್ತದೆ. ಕಂಪನಿ ಒಂದೇ ಬಗೆಯ ಯಂತ್ರವನ್ನು ಹತ್ತಾರು ಮಾದರಿಗಳಿಗೆ ಬಳಸಿದ್ದರಿಂದ ಒಂದರ ಭಾಗ ಇನ್ನೊಂದಕ್ಕೆ ಕೂರುತ್ತಿತ್ತು. ಕೊಪ್ಪಳದ ಜವಾಹರ ರಸ್ತೆಯಲ್ಲಾಗಲಿ, ಕುಷ್ಟಗಿಯ ಬಸ್ ನಿಲ್ದಾಣದ ಎದುರಾಗಲಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತವರು ಒಂದು ಯಂತ್ರವನ್ನು ಚೆನ್ನಾಗಿ ಕಲಿತರೆ ಸಂಸಾರ ನಡೆಯುತ್ತಿತ್ತು. ಪೆಟ್ರೋಲಿನಲ್ಲಿ ತೊಳೆದು, ಸೂಜಿಮೊನೆಯಷ್ಟು ಎಣ್ಣೆ ಬಿಟ್ಟು, ಹೇರ್‌ಸ್ಪ್ರಿಂಗ್ ಸರಿಮಾಡಿ ಕೊಟ್ಟರೆ ವಾಚು ಮತ್ತೆ ನಾಲ್ಕೈದು ವರ್ಷ ಓಡುತ್ತಿತ್ತು. ಈ ಅಂಕಣಕಾರನ ಮನೆಯಲ್ಲಿ ಅಪ್ಪನಿಂದ ಬಂದ ಜನತಾ ಈಗಲೂ ಅದೇ ಉಪಚಾರದಲ್ಲಿ ನಡೆಯುತ್ತಿದೆ. ಅದರ ಗಾಜು, ಪಟ್ಟಿ, ಚಾವಿಯ ತಿರುಪು ಬದಲಾಗಿವೆ, ಯಂತ್ರ ಅದೇ.

ಮದುವೆ ಈ ವಾಚಿನ ದೊಡ್ಡ ಗಿರಾಕಿ. ವರನಿಗೆ ಬಟ್ಟೆ, ಉಂಗುರ, ಸೈಕಲ್ಲಿನ ಜತೆ ವಾಚು ಕೊಡಬೇಕೆಂಬ ಪದ್ಧತಿ ಬೇರೂರಿತ್ತು. ಚಾವಿಯ ಹಂಗಿಲ್ಲದೆ ಕೈ ಆಡಿಸಿದರೆ ಓಡುವ ಆಟೊಮ್ಯಾಟಿಕ್ ಕಾಂಚನ್ ಬಂದ ಮೇಲೆ ಬೀಗರ ಬೇಡಿಕೆ ಅಲ್ಲಿಗೇರಿತು. ಪೂರೈಕೆ ಸಾಲದೆ ಅದು ಅಚ್ಚಾದ ಬೆಲೆಗಿಂತ ಹೆಚ್ಚಿಗೆ ಕೈ ಬದಲಾಗುತ್ತಿತ್ತು. ಜನತೆಗೆಂದು ಹುಟ್ಟಿದ ಕಾರ್ಖಾನೆಯ ಮಾಲು ಹೆಣ್ಣು ಹೆತ್ತವರ ಸಾಲದ ಪಟ್ಟಿಯಲ್ಲಿ ಸೇರಿಕೊಂಡದ್ದು ಈ ಚರಿತ್ರೆಯ ಕಹಿ ಭಾಗ. ಅತಿಥಿಗಳು ಮುಯ್ಯಿ ಮಾಡುತ್ತಿದ್ದ ಗೋಡೆ ಗಡಿಯಾರದ್ದು ಬೇರೆಯೇ ಕಥೆ: ಒಂದೇ ಮದುವೆಗೆ ನಾಲ್ಕು ಬಂದರೆ ಮೂರು ಮುಂದಿನ ಮದುವೆಗಳಿಗೆ ಹೋಗುತ್ತಿದ್ದವು.

1978ರಲ್ಲಿ ತುಮಕೂರಿನಲ್ಲೂ ಎಚ್‌ಎಂಟಿ ವಾಚು ತಯಾರಾಗತೊಡಗಿತು. ಅಂಧರು ಮುಚ್ಚಳ ತೆರೆದು ಮುಳ್ಳು ಮುಟ್ಟಿ ಹೊತ್ತು ತಿಳಿಯುವ ಬ್ರೈಲ್ ವಾಚನ್ನೂ ಕಂಪನಿ ಮಾಡಿತು. ಅಷ್ಟರಲ್ಲಿ ಜಗತ್ತಿನ ಲೆಕ್ಕವೇ ಬದಲಾಗಿತ್ತು. 1969ರ ಡಿಸೆಂಬರ್ 25ರಂದು ಟೋಕಿಯೊದಲ್ಲಿ ಸೀಕೊ ಕಂಪನಿ ಬಿಡುಗಡೆ ಮಾಡಿದ ಅಸ್ಟ್ರಾನ್ ಮೊದಲ ಕ್ವಾರ್ಟ್ಜ್ ಕೈಗಡಿಯಾರ. ಬೆಲೆ 4,50,000 ಯೆನ್, ಒಂದು ಸಣ್ಣ ಕಾರಿನಷ್ಟು. ಇದರಲ್ಲಿ ಬ್ಯಾಲೆನ್ಸ್ ಗಾಲಿಯ ಬದಲು ಸ್ಫಟಿಕದ ಚೂರಿದೆ. ಸೆಲ್ಲಿನ ವಿದ್ಯುತ್ ಹರಿದಾಗ ಅದು ನಿಯಮಿತವಾಗಿ ಕಂಪಿಸುತ್ತದೆ. ಇಂದಿನ ವಾಚುಗಳಲ್ಲಿ ಈ ಕಂಪನ ಸೆಕೆಂಡಿಗೆ 32,768. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡಿದರೆ ಉಳಿಯುವುದು ಒಂದು. ವಾಚಿನೊಳಗಿನ ಎಲೆಕ್ಟ್ರಾನಿಕ್ ಚಿಪ್ಪು ಆ ಭಾಗಾಕಾರ ಮಾಡಿ ಸೆಕೆಂಡಿಗೊಮ್ಮೆ ಪುಟ್ಟ ಮೋಟಾರಿಗೆ ತಟ್ಟುತ್ತದೆ, ಮುಳ್ಳು ಒಂದು ಹೆಜ್ಜೆ ಇಡುತ್ತದೆ. ದಿನಕ್ಕೆ ಅರ್ಧ ನಿಮಿಷ ತಪ್ಪುತ್ತಿದ್ದ ವಾಚಿನ ಎದುರು ಇದು ತಿಂಗಳಿಗೆ ಅಷ್ಟು ತಪ್ಪಿದರೆ ಹೆಚ್ಚು. ಚಿಪ್ಪಿನ ಬೆಲೆ ಇಳಿದಂತೆ ವಾಚಿನ ಬೆಲೆಯೂ ಕುಸಿಯಿತು.

ಅಗ್ಗದ ಕ್ವಾರ್ಟ್ಜ್ ಎರಡು ದಾರಿ ಹಿಡಿಯಿತು. ಸ್ವಿಟ್ಜರ್ಲೆಂಡಿನ ಸ್ವಾಚ್ 1983ರ ಮಾರ್ಚಿನಲ್ಲಿ ಪ್ಲಾಸ್ಟಿಕ್ ಕವಚದ, 51 ಭಾಗಗಳ ವಾಚು ತಂದಿತು. ಯಂತ್ರವನ್ನು ಕವಚದ ತಳದಲ್ಲೇ ಕೂರಿಸಿ ಮೇಲೆ ಗಾಜು ಬೆಸೆದುಬಿಟ್ಟಿದ್ದರಿಂದ ಅದನ್ನು ಬಿಚ್ಚಿ ರಿಪೇರಿ ಮಾಡುವಂತಿರಲಿಲ್ಲ. ರೋಸ್ಕೋಫನ ಲೆಕ್ಕವನ್ನು ಅದೇ ದೇಶ ನೂರು ವರ್ಷದ ಮೇಲೆ ಮತ್ತೆ ಮಾಡಿತು, ಆದರೆ ಈ ಸಲ ತೆಗೆದುಹಾಕಿದ್ದರಲ್ಲಿ ರಿಪೇರಿಯವನೂ ಸೇರಿದ್ದ. ಜಪಾನಿನ ಕ್ಯಾಸಿಯೊ ಮುಳ್ಳನ್ನೇ ಕೈಬಿಟ್ಟಿತು. 1989ರಲ್ಲಿ ಬಂದ ಅದರ ಎಫ್-91ಡಬ್ಲ್ಯೂ ಇಪ್ಪತ್ತೊಂದು ಗ್ರಾಂ ತೂಕದ್ದು. ಅಲಾರಂ, ಸ್ಟಾಪ್‌ವಾಚ್, ದೀಪ ಎಲ್ಲ ಸೇರಿ ಒಂದು ಸೆಲ್ಲಿಗೆ ಸುಮಾರು ಏಳು ವರ್ಷ ನಡೆಯುತ್ತದೆ. ಮೂವತ್ತು ವರ್ಷ ದಾಟಿದರೂ ಅದನ್ನು ಬದಲಿಸುವ ಅಗತ್ಯ ಕಂಪನಿಗೆ ಕಂಡಿಲ್ಲ. ಕೊಟ್ಟ ದುಡ್ಡಿಗೆ ಇಷ್ಟು ಕೆಲಸ ಮಾಡುವ ಇನ್ನೊಂದು ವಾಚು ಹುಡುಕುವುದು ಕಷ್ಟ. ಅದರ ನಕಲೂ ಅಷ್ಟೇ ಹೇರಳ. ಅಸಲಿಯಲ್ಲಿ ಬಲಬದಿಯ ಗುಂಡಿಯನ್ನು ಮೂರು ಸೆಕೆಂಡು ಒತ್ತಿ ಹಿಡಿದರೆ ಪರದೆಯ ಮೇಲೆ ಕಂಪನಿಯ ಹೆಸರು ಮೂಡುತ್ತದೆ. ಕೆಲವು ನಕಲಿಗಳೂ ಈ ವಿದ್ಯೆ ಕಲಿತಿರುವುದರಿಂದ ಬಿಲ್ಲು ಕೇಳುವುದು ವಾಸಿ.

ಭಾರತದಲ್ಲಿ ಕ್ವಾರ್ಟ್ಜ್ ವಾಚನ್ನು 1981ರಲ್ಲಿ ಮೊದಲು ತಂದದ್ದು ಎಚ್‌ಎಂಟಿಯೇ. ಹೈದರಾಬಾದಿನ ಆಲ್ವಿನ್ ಕೂಡ ಸೀಕೊ ನೆರವಿನಿಂದ ವಾಚಿಗೆ ಕೈ ಹಾಕಿತು. ಕ್ವಾರ್ಟ್ಜನ್ನೇ ಪೂರ್ತಿ ನಂಬಿ ಇಳಿದದ್ದು ಟೈಟನ್. ಟಾಟಾ ಮತ್ತು ತಮಿಳುನಾಡು ಸರ್ಕಾರದ ಕೈಗಾರಿಕಾ ನಿಗಮ ಸೇರಿ 1984ರಲ್ಲಿ ಕಟ್ಟಿದ ಕಂಪನಿ ಇದು. ಕಾರ್ಖಾನೆ ಗಡಿಯಾಚೆ ಹೊಸೂರಿನಲ್ಲಿ, ಮೊದಲ ಮಳಿಗೆ 1987ರಲ್ಲಿ ಬೆಂಗಳೂರಿನ ಸಫೀನಾ ಪ್ಲಾಜಾದಲ್ಲಿ. ಜೆರ್ಕ್ಸೆಸ್ ದೇಸಾಯಿ ಅದರ ರೂವಾರಿ. 2002ರಲ್ಲಿ ಬಂದ ಟೈಟನ್ ಎಡ್ಜ್‌ನ ಯಂತ್ರದ ದಪ್ಪ 1.15 ಮಿಲಿಮೀಟರ್, ಇಡೀ ವಾಚಿನದು 3.5 ಮಿಲಿಮೀಟರ್. ಹೊಸತನದಲ್ಲಿ ಅದು ದೊಡ್ಡದೇ, ಆದರೆ ಕೊಪ್ಪಳದ ಅಂಗಡಿಯಲ್ಲಿ ಹೆಚ್ಚು ಕೈಗೇರಿದ್ದು ಅದೇ ಕಂಪನಿಯ ಕಡಿಮೆ ಬೆಲೆಯ ಸೊನಾಟಾ. ಸರ್ಕಾರಿ ನೌಕರಿ ಸಿಕ್ಕ ಹುಡುಗ, ಅಂಗನವಾಡಿ ಕಾರ್ಯಕರ್ತೆ, ಬಸ್ ಕಂಡಕ್ಟರ್ ಎಲ್ಲರ ಕೈಯಲ್ಲೂ ಅದು ಕಂಡಿತು. ಎಚ್‌ಎಂಟಿ ಹತ್ತು ಕೋಟಿಗೂ ಹೆಚ್ಚು ವಾಚು ಮಾರಿದ ಮೇಲೆ ನಷ್ಟದಲ್ಲಿ ಮುಳುಗಿತು. 2016ರಲ್ಲಿ ಅದರ ವಾಚು ಘಟಕ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೊಗೆ ಹೋಯಿತು. ಜಾಲಹಳ್ಳಿಯಲ್ಲಿ 2019ರಿಂದ ಎಚ್‌ಎಂಟಿ ಮ್ಯೂಸಿಯಂ ಇದೆ.

ಈಗ ಖರೀದಿಯ ಲೆಕ್ಕ. ವಾಚಿನ ಬೆಲೆಯನ್ನು ಅದು ನಡೆಯುವ ವರ್ಷಗಳಿಂದ ಭಾಗಿಸಿ ನೋಡಬೇಕು. 1,200 ರೂಪಾಯಿಯ ಕ್ವಾರ್ಟ್ಜ್ ವಾಚು ಹನ್ನೆರಡು ವರ್ಷ ನಡೆಯಿತೆನ್ನಿ. ಎರಡು ವರ್ಷಕ್ಕೊಮ್ಮೆ 80 ರೂಪಾಯಿಯ ಸೆಲ್ಲು ಹಾಕಿಸಿದರೆ ಐದು ಸಲಕ್ಕೆ 400, ಎರಡು ಪಟ್ಟಿಗೆ 300. ಒಟ್ಟು 1,900, ವರ್ಷಕ್ಕೆ 160 ರೂಪಾಯಿಯೊಳಗೆ. ಹಳೆಯ ಚಾವಿ ವಾಚು 2,000ಕ್ಕೆ ಸಿಕ್ಕಿ, ನಾಲ್ಕು ವರ್ಷಕ್ಕೊಮ್ಮೆ 400 ರೂಪಾಯಿಯ ಸರ್ವಿಸ್ ಎಂದರೆ ಅದೇ ಅವಧಿಗೆ 2,800, ವರ್ಷಕ್ಕೆ 230ರ ಆಸುಪಾಸು. ಅದನ್ನು ಮಾರಿದರೆ ಒಂದಿಷ್ಟು ಹಿಂದಕ್ಕೂ ಬರುತ್ತದೆ. ಈಗ ಮದುವೆ ಉಡುಗೊರೆಯ ಜಾಗಕ್ಕೂ ಬಂದಿರುವ 1,800 ರೂಪಾಯಿಯ ಸ್ಮಾರ್ಟ್‌ವಾಚ್ ಎರಡೇ ವರ್ಷಕ್ಕೆ ಕೈಕೊಟ್ಟರೆ ವರ್ಷಕ್ಕೆ 900. ಇದರ ಒಳಗಿನ ಲಿಥಿಯಂ ಬ್ಯಾಟರಿ ಚಾರ್ಜ್ ಆಗುತ್ತಾ ಆಗುತ್ತಾ ಸೊರಗುತ್ತದೆ, ಕವಚ ಅಂಟಿಸಿದ್ದರಿಂದ ಬದಲಿಸಲು ಸ್ಥಳೀಯ ರಿಪೇರಿಯವರು ಒಪ್ಪುವುದಿಲ್ಲ. ಅಂಕಣಕಾರನ ಮನೆಗೆ ಬಂದ ಅಂಥದ್ದೊಂದು ಗ್ಯಾರಂಟಿ ಮುಗಿದ ಕೆಲವೇ ತಿಂಗಳಲ್ಲಿ ಡ್ರಾಯರ್ ಸೇರಿತು. ಹೆಜ್ಜೆ ಎಣಿಸುವುದು, ಫೋನ್ ಬಂದರೆ ನಡುಗುವುದು ಇವು ಬೇಕಾದವರು ಆ ಖರ್ಚಿಗೆ ಸಿದ್ಧರಾಗಿಯೇ ಕೊಳ್ಳಬೇಕು. ಹೊತ್ತು ನೋಡಲಷ್ಟೇ ಆದರೆ ಅದು ದುಬಾರಿ.

ನೀರಿನ ವಿಷಯದಲ್ಲಿ ಗಂಗಾವತಿಯ ಗದ್ದೆಯವರು ಒಂದು ಮಾತು ತಿಳಿದಿರಬೇಕು. ವಾಚಿನ ಬೆನ್ನ ಮೇಲೆ 30 ಮೀಟರ್ ಎಂದು ಬರೆದಿದ್ದರೆ ಮಳೆಹನಿ, ಕೈತೊಳೆದ ನೀರು ತಡೆಯುತ್ತದೆ ಎಂದಷ್ಟೇ ಅರ್ಥ. ಕೆಸರಿನಲ್ಲಿ ಕೈ ಅದ್ದಿ ನಾಟಿ ಮಾಡಲು ಅದು ಸಾಲದು, 100 ಮೀಟರಿನದು ಬೇಕು. ಸೆಲ್ಲು ಬದಲಿಸುವಾಗ ಮುಚ್ಚಳದ ರಬ್ಬರು ಉಂಗುರ ಹರಿದಿದ್ದರೆ ಆ ಭದ್ರತೆಯೂ ಹೋಯಿತು.

ಎಚ್‌ಎಂಟಿ ಮುಚ್ಚಿದ ಸುದ್ದಿಯ ಬೆನ್ನಲ್ಲೇ ಹಳೆಯ ವಾಚಿಗೆ ಸಂಗ್ರಾಹಕರು ಹುಟ್ಟಿಕೊಂಡರು. ಬೆಲೆಯೂ ಏರಿತು, ಮೋಸವೂ ಏರಿತು. ನಲವತ್ತು ವರ್ಷದ ಪೈಲಟ್ ಎಂದು ಬರುವ ಎಷ್ಟೋ ವಾಚುಗಳ ಮುಖಕ್ಕೆ ಹೊಸದಾಗಿ ಬಣ್ಣ ಹೊಡೆದಿರುತ್ತಾರೆ, ಮುಳ್ಳು ಇನ್ನೊಂದರದ್ದು, ಕವಚ ಮತ್ತೊಂದರದ್ದು. ಕಣ್ಣು ಕುಕ್ಕುವ ನೀಲಿ, ಹಸಿರು, ಕಿತ್ತಳೆ ಮುಖ ಕಂಡರೆ ಅನುಮಾನಿಸಬೇಕು. ಅಕ್ಷರದ ಅಂಚು ಹರಡಿದ್ದರೆ ಅದು ಮರುಮುದ್ರಣ. ಮುಚ್ಚಳ ತೆಗೆಸಿ ಯಂತ್ರದ ಮೇಲಿನ ಎಚ್‌ಎಂಟಿ ಗುರುತು ನೋಡದೆ ದುಡ್ಡು ಕೊಡುವುದು ಬೇಡ. ಹೂಡಿಕೆ ಎಂದು ಕೊಳ್ಳುವವರಿಗೆ ಇದು ಒಳ್ಳೆಯ ಜಾಗವಲ್ಲ. ಕೊಪ್ಪಳದಲ್ಲಿ ಚಿನ್ನಕ್ಕೆ ಸಂಜೆಯೊಳಗೆ ಗಿರಾಕಿ ಸಿಗುತ್ತಾರೆ, ಜನತಾಗೆ ತಿಂಗಳು ಕಾಯಬೇಕಾದೀತು.

ಕಂಪನಿ ಹೊಸ ಯಂತ್ರ ಮಾಡುವುದು ನಿಂತಿರುವುದರಿಂದ ಚಾವಿ ವಾಚಿನ ಬಿಡಿಭಾಗಕ್ಕೆ ಈಗ ನಿಂತುಹೋದ ವಾಚುಗಳೇ ದೊಡ್ಡ ಆಧಾರ. ಬಲ್ಲ ರಿಪೇರಿಯವರು ಅಂಥವನ್ನು ಡಬ್ಬಿಗಳಲ್ಲಿ ಕೂಡಿಟ್ಟಿರುತ್ತಾರೆ. ಯಲಬುರ್ಗಾ, ಕುಷ್ಟಗಿಯ ಹಳ್ಳಿ ಮನೆಗಳ ಪೆಟ್ಟಿಗೆಯಲ್ಲಿ ಮುಳ್ಳಿಲ್ಲದ, ಗಾಜು ಒಡೆದ ವಾಚು ಬಿದ್ದಿದ್ದರೆ ಗುಜರಿಗೆ ಹಾಕುವ ಮುನ್ನ ಅವರಿಗೆ ತೋರಿಸಬಹುದು. ಬ್ಯಾಲೆನ್ಸ್ ಗಾಲಿ ಸರಿಯಿದ್ದರೆ ಅದಕ್ಕೊಂದು ಬೆಲೆ ಕಟ್ಟುತ್ತಾರೆ, ಇಲ್ಲವೇ ಅದನ್ನೇ ಬಿಚ್ಚಿ ಮನೆಯ ಇನ್ನೊಂದು ವಾಚಿಗೆ ಜೋಡಿಸಿ ಕೊಡುತ್ತಾರೆ.