ಕಣ್ಣಿಗೆ ಗೊತ್ತು, ಕಿವಿಗೆ ಗೊತ್ತಿಲ್ಲ

ಚೆನ್ನೈಯ ಶೋಳಿಂಗನಲ್ಲೂರಿನ ಎಲ್ಕಾಟ್ ಐಟಿ ವಲಯಕ್ಕೂ ಓಎಂಆರ್ ರಸ್ತೆಯ ಕಂಪನಿಗಳಿಗೂ ಕೆಲಸಕ್ಕೆ ಬರುವ ಕನ್ನಡದ ಹುಡುಗ ಹುಡುಗಿಯರಿಗೆ ನಾನು ಇಂಗ್ಲಿಷ್ ಕಲಿಸುತ್ತೇನೆ. ಹೆಚ್ಚಿನವರ ದೂರು ಒಂದೇ: "ಮೇಲ್ ಓದಿದ್ರ ತಿಳೀತದ, ಕಾಲ್‌ನಾಗ ತಿಳಿಯಂಗಿಲ್ಲ." ಇಂಥವರಿಗೆ ಕಲಿಸುವವರಿಗೆ ನನ್ನ ಕೆಲವು ಮಾತು:

1. ಇವರಿಗೆ ಪದ ಬರುವುದಿಲ್ಲ ಎಂದು ತೀರ್ಮಾನಿಸಬೇಡಿ. ಕೇಳಿಸಿದ ಮಾತನ್ನೇ ಬರೆದು ಕೊಟ್ಟರೆ ಅರ್ಥ ಹೇಳುತ್ತಾರೆ. ಬರೆದಂತೆ ಓದುವುದು ಕನ್ನಡದ ಅಭ್ಯಾಸ. ಹಾಗಾಗಿ 'ಡೆಟ್' ಅವರ ತಲೆಯಲ್ಲಿ 'ಡೆಬ್ಟ್' ಆಗಿ, 'ರಿಸೀಟ್' 'ರಿಸಿಪ್ಟ್' ಆಗಿ ಕೂತಿರುತ್ತದೆ. ನಿಜವಾದ ಉಚ್ಚಾರ ಕಿವಿಗೆ ಬಿದ್ದಾಗ ಅದು ಯಾವ ಪದವೆಂದೇ ಹೊಳೆಯುವುದಿಲ್ಲ.

2. ಪರೀಕ್ಷೆ ಎರಡು ಬಗೆಯಲ್ಲಿ ಆಗಲಿ. ಒಂದೇ ಪದಪಟ್ಟಿಯನ್ನು ಒಮ್ಮೆ ಓದಿಸಿ, ಇನ್ನೊಮ್ಮೆ ಕೇಳಿಸಿ, ಎರಡೂ ಸಲ ಅರ್ಥವನ್ನು ಕನ್ನಡದಲ್ಲೇ ಬರೆಸಿ. ಮೆಕ್ಲೀನ್, ಕ್ರೇಮರ್, ಬೆಗ್ಲರ್ ಎಂಬ ಸಂಶೋಧಕರು 2015ರಲ್ಲಿ ಜಪಾನಿ ವಿದ್ಯಾರ್ಥಿಗಳಿಗಾಗಿ ಇಂಥದೇ ಕಿವಿಯ ಪದಪರೀಕ್ಷೆ ರೂಪಿಸಿದರು. ಓದಿ ತಿಳಿದು ಕೇಳಿ ತಿಳಿಯದ ಪದಗಳೇ ನಿಮ್ಮ ಪಠ್ಯ.

3. ಸಂಖ್ಯೆಗೆ ಹೆದರಬೇಡಿ. ಮಾತಿನ 98% ಪದಗಳು ತಿಳಿದಿರಬೇಕಾದರೆ 6,000ದಿಂದ 7,000 ಪದಕುಟುಂಬ (ಒಂದು ಮೂಲಪದ ಮತ್ತು ಅದರ ರೂಪಗಳು) ಬೇಕೆಂದು ಭಾಷಾ ಸಂಶೋಧಕ ಪಾಲ್ ನೇಷನ್ 2006ರಲ್ಲಿ ಲೆಕ್ಕ ಹಾಕಿದರು. 95% ಸಾಕೆನ್ನುವುದಾದರೆ 2,000ದಿಂದ 3,000 ಸಾಕು ಎಂದು ವ್ಯಾನ್ ಝೀಲೆಂಡ್ ಮತ್ತು ಶ್ಮಿಟ್ ಎಂಬ ಸಂಶೋಧಕರು 2013ರಲ್ಲಿ ತೋರಿಸಿದರು. ನಾನು ಈ ಎರಡನೇ ಲೆಕ್ಕವನ್ನೇ ನೆಚ್ಚಿದ್ದೇನೆ. ಆದರೆ ಅಷ್ಟೂ ಪದ ಕಿವಿಗೆ ಗುರುತಾಗಿರಬೇಕು.

4. ಕಾಡುವುದು ಸಣ್ಣ ಪದಗಳೇ. 'ವುಡ್ ಹ್ಯಾವ್' ಮಾತಿನ ಓಟದಲ್ಲಿ 'ವುಡವ್' ಆಗುತ್ತದೆ. ಅಮೆರಿಕದವರು 'ಕ್ಯಾಂಟ್' ಎನ್ನುವಾಗ ಕೊನೆಯ ಸದ್ದು ನುಂಗಿದರೆ 'ಆಗಲ್ಲ' ಎಂದದ್ದು 'ಆಗುತ್ತೆ' ಎಂದು ಕೇಳಿಸಿ ಕೆಲಸವೇ ಕೆಡುತ್ತದೆ. ಇದಕ್ಕಾಗಿ ಒಂದೆರಡು ವಾಕ್ಯ ಮಾತ್ರ ಕೇಳಿಸಿ, ಬರೆಸಿ, ಮತ್ತೆ ಕೇಳಿಸಿ.

5. ಇವರ ಕಿವಿ ಮಂದವಲ್ಲ. ಅದಕ್ಕೆ ತಮಿಳೇ ಸಾಕ್ಷಿ. ಊರಿಗೆ ಬಂದ ಕೆಲವೇ ತಿಂಗಳಲ್ಲಿ ಆಟೋದವರ, ಟೀ ಅಂಗಡಿಯವರ ತಮಿಳು ಇವರಿಗೆ ಅರ್ಥವಾಗುತ್ತದೆ, ಬಸ್ಸಿನ ಬೋರ್ಡು ಓದಲು ಬಾರದಿದ್ದರೂ. ತಮಿಳು ಕಿವಿಯಿಂದ ಬಂತು, ಇಂಗ್ಲಿಷ್ ಬರೀ ಪುಸ್ತಕದಿಂದ ಬಂತು. ನಿರಾಶರಾದವರಿಗೆ ನಾನು ಮೊದಲು ಹೇಳುವ ಮಾತು ಇದು. ಕೇಳಿದ ಕೂಡಲೇ ಅವರಿಗೆ ಧೈರ್ಯ ಬರುತ್ತದೆ.

6. ಕಿವಿಯ ಅಭ್ಯಾಸ ಶಾಲೆಯಲ್ಲೇ ಶುರುವಾಗಲಿ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಗೇ ಇಂಗ್ಲಿಷ್ ಇದೆ. ಅಲ್ಲಿನ ಶಿಕ್ಷಕರಲ್ಲಿ ನನ್ನ ವಿನಂತಿ: ಹೊಸ ಪದವನ್ನು ಹಲಗೆಯ ಮೇಲೆ ಬರೆಯುವ ಮೊದಲು ಮಕ್ಕಳಿಗೆ ನಾಲ್ಕಾರು ಸಲ, ವಾಕ್ಯದೊಳಗೆ ಇಟ್ಟು, ಕೇಳಿಸಿ.