ಸಲೈನ್ ಹಚ್ಚುವ ಮೊದಲು

ತಮ್ಮಾ, ತೋಳಿನ ಕಸುವು ತೋರಿಸಬೇಕಿದ್ದರೆ ಗರಡಿಮನೆಗೆ ಹೋಗು. ನಾಯಿಗೆ ಸಲೈನ್ ಹಚ್ಚುವಲ್ಲಿ ಅದರ ಕೆಲಸವಿಲ್ಲ. ಪಶುವೈದ್ಯ ಪದವಿ ಮುಗಿಸಿ ಬಂದಿದ್ದೀ, ಕೈ ಚುರುಕಾಗಿದೆ, ನರ ಹುಡುಕುವುದರಲ್ಲಿ ನನ್ನನ್ನೂ ಮೀರಿಸುತ್ತೀ. ಒಪ್ಪಿದೆ. ಆದರೆ ಸುತ್ತ ನಾಲ್ಕು ಮಂದಿ ನಿಂತರೆ ಸಾಕು, ನಿನಗೆ ಅವಸರ ಹತ್ತುತ್ತದೆ. ನನ್ನ ತಕರಾರು ಅದರ ಮೇಲೆ.

ಚಚಡಿಯಂಥ ಊರಲ್ಲಿ ನಾಯಿ ಎಂದರೆ ಹೊಲಮನೆ ಕಾಯುವುದು, ಕುರಿಯ ಹಿಂದೆ ಅಲೆಯುವುದು. ಅದಕ್ಕೆ ಮೇಜು, ಬಿಳಿ ಕೋಟು, ಸ್ಪಿರಿಟ್ ವಾಸನೆ ಯಾವುದೂ ಗೊತ್ತಿಲ್ಲ. ಬೈಕಿನ ಮೇಲೆ ಅವುಚಿಕೊಂಡು ತಂದ ಯಜಮಾನ "ಏನೂ ಮಾಡಂಗಿಲ್ರಿ ಸಾಹೇಬ್ರ, ಸೂಜಿ ಮಾಡ್ರಿ" ಅನ್ನುತ್ತಾನೆ. ಹಾಗಂದವನೇ ಮೊದಲು ಹಿಂದೆ ಸರಿಯುವುದು! ಅವನ ಮಾತು ನಂಬಿ ಕೈ ಹಾಕಬೇಡ. ನೋಡಲು ಬಂದವರನ್ನು ಹೊರಗೆ ಕಳಿಸು. ನಾಯಿಯನ್ನು ಮೇಜಿಗೆ ಎತ್ತದೆ ನೆಲದ ಮೇಲೇ ಕೂಡಿಸು. ಕ್ಯಾನುಲ, ಟೇಪು, ಸಲೈನ್ ಬಾಟಲಿ ಎಲ್ಲ ಮೊದಲೇ ಜೋಡಿಸಿ ಅದರ ಕಣ್ಣಿಗೆ ಬೀಳದ ಕಡೆ ಇಟ್ಟುಕೋ.

ಹಿಡಿಯುವವನು ಒಬ್ಬನೇ ಸಾಕು, ಆದರೆ ಕಲಿತವನಿರಬೇಕು. ಒಂದು ತೋಳು ಕತ್ತಿನ ಕೆಳಗೆ ಹಾಯಿಸಿ ತಲೆಯನ್ನು ತನ್ನ ಎದೆಗೆ ಒತ್ತಿಕೊಳ್ಳಬೇಕು. ಇನ್ನೊಂದು ಕೈ ನಾಯಿಯ ಮೊಣಕೈ ಹಿಂದಿರಬೇಕು, ಕಾಲು ಹಿಂದಕ್ಕೆ ಎಳೆಯದಂತೆ. ಹೆಬ್ಬೆರಳು ಮೊಣಕೈ ಮಡಿಕೆಯ ಮೇಲೆ ಅಡ್ಡಬಿದ್ದು ತುಸು ಹೊರಕ್ಕೆ ಹೊರಳಿದರೆ ಮುಂಗಾಲಿನ ನರ ತಾನಾಗಿ ಎದ್ದು ನಿಲ್ಲುತ್ತದೆ. ನೀನು ಪಂಜವನ್ನು ಹಿಚುಕಿ ಹಿಡಿದರೆ ಎಂಥ ಸಾಧುನಾಯಿಯೂ ಕಾಲು ಕೊಸರುತ್ತದೆ. ಎರಡು ಸಲ ಚುಚ್ಚಿಯೂ ನರ ಸಿಗಲಿಲ್ಲವೇ? ನಿಲ್ಲಿಸು. ಮೂರನೆಯ ಸಲ ನೀನು ಚುಚ್ಚುವುದು ನಿನ್ನ ಮರ್ಯಾದೆಗಾಗಿ, ನಾಯಿಗಾಗಿ ಅಲ್ಲ.

ಹಲ್ಲು ತೋರಿಸುವ ನಾಯಿಗೆ ಮಂಪರಿನ ಔಷಧ ಕೊಡುವುದು ಸೋಲೆಂದು ತಿಳಿಯಬೇಡ. ನಾಲ್ಕು ಜನ ಮೇಲೆ ಬಿದ್ದು ಅದುಮಿದರೆ ಉಸಿರು ಕಟ್ಟುತ್ತದೆ, ಮೈ ಕಾಯುತ್ತದೆ, ಮುಂದಿನ ಸಲ ಅದು ನಿನ್ನ ಗೇಟಿನ ಹತ್ತಿರವೂ ಬರುವುದಿಲ್ಲ. ಗುದ್ದಾಟ ಶುರುವಾಗುವ ಮೊದಲೇ ಕೊಡು. ಕೆರಳಿದ ಮೇಲೆ ಅದೇ ಡೋಸು ಅರ್ಧ ಕೆಲಸವನ್ನೂ ಮಾಡುವುದಿಲ್ಲ. ತೂಕ ಕಣ್ಣಳತೆಯಲ್ಲಿ ಹೇಳಬೇಡ. ಕಾಳಿನ ಅಂಗಡಿಯ ತಕ್ಕಡಿ ಎಲ್ಲೂರಲ್ಲೂ ಇದೆ. ಯಜಮಾನ ನಾಯಿಯನ್ನು ಎತ್ತಿಕೊಂಡು ಹತ್ತಲಿ, ಆಮೇಲೆ ಒಬ್ಬನೇ ಹತ್ತಲಿ, ಕಳೆದರೆ ಲೆಕ್ಕ ಸಿಕ್ಕಿತು.

ಮಂಪರಿನ ಔಷಧಗಳಲ್ಲಿ ಝೈಲಜಿನ್ ನಮ್ಮ ಕಡೆ ಅಗ್ಗ, ಎಲ್ಲರ ಚೀಲದಲ್ಲೂ ಇರುತ್ತದೆ. ಅದು ಹೃದಯದ ಬಡಿತ ಇಳಿಸುತ್ತದೆ, ನಾಯಿಗೆ ವಾಂತಿಯನ್ನೂ ಮಾಡಿಸುತ್ತದೆ. ಬಾಯಿಗೆ ಪಟ್ಟಿ ಕಟ್ಟಿದ್ದಾಗ ವಾಂತಿ ಬಂದರೆ ಅದು ಶ್ವಾಸನಾಳಕ್ಕೇ ಇಳಿಯುತ್ತದೆ. ಸೂಜಿ ಮಾಡಿದ ಮೇಲೆ ಪಟ್ಟಿ ಬಿಚ್ಚಿ ದೂರ ಸರಿ. ಕತ್ತಲು ಕೋಣೆಯಲ್ಲಿ ಹತ್ತು ಹದಿನೈದು ನಿಮಿಷ ಒಂದೇ ಬಿಡು, ಆದರೆ ಬಾಗಿಲ ಸಂದಿಯಿಂದ ಕಣ್ಣಿಟ್ಟಿರು. "ಮಲಗೇತೇನು?" ಅಂತ ಕಾಲಲ್ಲಿ ತಿವಿದು ನೋಡುವ ಚಾಳಿ ಬೇಡ. ತಲೆ ತೂಗಾಡುತ್ತಿದ್ದ ನಾಯಿಯೂ ತಟ್ಟನೆ ತಿರುಗಿ ಕಚ್ಚೀತು. ಪಾರ್ವೊ ಭೇದಿಯಲ್ಲಿ ನೀರಿಳಿದು ಬಸವಳಿದ ಮರಿಗೆ ಈ ಔಷಧ ಕೊಡಲೇಬೇಡ. ಅದಕ್ಕೆ ಗುದ್ದಾಡುವ ಶಕ್ತಿ ಎಲ್ಲಿದೆ? ಒಂದು ಟವೆಲ್ಲು, ಯಜಮಾನತಿಯ ಮಡಿಲು, ಇಷ್ಟು ಸಾಕು.

ರಾಮದುರ್ಗ ದಾಟಿದರೆ ಮುಧೋಳ ದೂರವಲ್ಲ. ಆ ಊರ ಹೆಸರಿನ ತಳಿಯ ನಾಯಿ ನಿನ್ನ ಬಾಗಿಲಿಗೂ ಬಂದೇ ಬರುತ್ತದೆ. ತಿಮ್ಮಾಪುರದಲ್ಲಿ ಅದಕ್ಕಾಗಿ ಸಂಶೋಧನಾ ಕೇಂದ್ರವಿದೆ, 2005ರಲ್ಲಿ ಅಂಚೆಚೀಟಿಯೂ ಬಂತು. ಇಷ್ಟು ಗೌರವದ ನಾಯಿ ಸೂಜಿ ಕಂಡರೆ ಮಾತ್ರ ಕೂಸಿನ ಹಾಗೆ ನಡುಗುತ್ತದೆ. ನರ ಚೆನ್ನಾಗಿ ಎದ್ದು ಕಾಣುವುದು ನೋಡಿ ಬೀಗಬೇಡ. ಚರ್ಮ ತೆಳು, ಗುದ್ದಾಡಿದರೆ ಹರಿಯುತ್ತದೆ. ಮೈಯಲ್ಲಿ ಕೊಬ್ಬೂ ಕಡಿಮೆ. ಗ್ರೇಹೌಂಡಿನಂಥ ಬೇಟೆನಾಯಿಗಳು ಅರಿವಳಿಕೆಗೆ ಥಯೋಪೆಂಟೋನ್ ಕೊಟ್ಟರೆ ಬೇಗ ಏಳುವುದಿಲ್ಲ ಎಂಬುದು ಹಳೆಯ ಪಾಠ. ಮುಧೋಳದ್ದೂ ಅದೇ ಮೈಕಟ್ಟು, ಎಚ್ಚರವೂ ಅದೇ ಇರಲಿ.

ಇನ್ನೊಂದು ಮಾತು, ಇದನ್ನು ಕಿವಿಗೊಟ್ಟು ಕೇಳು. ನಿನ್ನೆವರೆಗೆ ಸುಮ್ಮನಿದ್ದ ನಾಯಿ ಇವತ್ತು ಕಂಡಕಂಡವರ ಮೇಲೆ ಎರಗುತ್ತಿದ್ದರೆ, ಇಲ್ಲವೇ ಕೆಳದವಡೆ ಜೋತು ಜೊಲ್ಲು ಸುರಿಯುತ್ತಿದ್ದರೆ, ಮನೆಯವರು "ಗಂಟಲಾಗ ಎಲುಬು ಸಿಕ್ಕೈತ್ರಿ" ಅನ್ನುತ್ತಾರೆ. ಅದು ರೇಬೀಸ್ ಇದ್ದೀತು, ಬಾಯೊಳಗೆ ಕೈ ಹಾಕಿ ನೋಡುವ ಶೂರತನ ಬೇಡ. ಸಲೈನ್ ಕೂಡ ಬೇಡ. ನಾಯಿಯನ್ನು ಕೂಡಿಹಾಕು, ಅದನ್ನು ಮುಟ್ಟಿದವರ ಹೆಸರು ಬರೆದುಕೋ, ಕಚ್ಚಿದ, ಜೊಲ್ಲು ತಾಗಿದ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಿಸಿ ಅವರನ್ನು ಆಸ್ಪತ್ರೆಗೆ ಅಟ್ಟು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಉಳಿಯುವುದು ಇಲ್ಲವೆಂಬಷ್ಟು ಅಪರೂಪ.

ಊರ ನಾಯಿಗಳಿಗೆಲ್ಲ ಲಸಿಕೆ ಹಾಕುವ ನೀನು ನಿನ್ನದನ್ನು ಹಾಕಿಸಿಕೊಂಡಿದ್ದೀಯೋ? ಕಚ್ಚುವ ಮೊದಲೇ ತೆಗೆದುಕೊಳ್ಳುವುದು ಮೂರು ಡೋಸು: ಮೊದಲ ದಿನ, 7ನೇ ದಿನ, ಆಮೇಲೆ 21 ಇಲ್ಲವೇ 28ನೇ ದಿನ. ಆಗಿಲ್ಲದಿದ್ದರೆ ನಾಳೆ ಬೆಳಿಗ್ಗೆ ಮೊದಲ ಕೆಲಸ ಅದೇ ಆಗಲಿ, ನಾಯಿಗಳನ್ನು ಆಮೇಲೆ ನೋಡುವಿಯಂತೆ.