ನೀಲಗಿರಿ ಎಣ್ಣೆ: ಹನಿ ಲೆಕ್ಕ ತಪ್ಪಿದರೆ ಅಪಾಯ

ನಮ್ಮ ಹಳ್ಳಿಮನೆಗಳ ಗೂಡಿನಲ್ಲಿ ನೀಲಗಿರಿ ಎಣ್ಣೆಯ ಒಂದು ಸಣ್ಣ ಬಾಟಲಿ ಇದ್ದೇ ಇರುತ್ತೆ. ನೆಗಡಿಗೂ ಅದೇ, ಮೈಕೈ ನೋವಿಗೂ ಅದೇ. ಕಳೆದ ಮಳೆಗಾಲದಲ್ಲಿ ನನ್ನ ಎರಡು ವರ್ಷದ ಮಗಳು ಅದರ ಮುಚ್ಚಳ ತೆಗೆದು ಬಾಯಿಗಿಡುವಷ್ಟರಲ್ಲಿ ಅಮ್ಮ ಕಿತ್ತುಕೊಂಡರು. ಅದಕ್ಕೇ ಈ ವಾರ ಈ ಪಾಠ.

ಇದು ಎಂಥ ಎಣ್ಣೆ?
ನೀಲಗಿರಿ ಬೆಟ್ಟಗಳಲ್ಲಿ ಬೆಳೆಯುವ ಯೂಕಲಿಪ್ಟಸ್ ಗ್ಲೋಬ್ಯುಲಸ್ ಮರದ ಎಲೆಗೆ ಹಬೆ ಹಾಯಿಸಿ ಬಟ್ಟಿ ಇಳಿಸಿ ತೆಗೆಯುತ್ತಾರೆ. ನಮ್ಮ ಬಯಲುಸೀಮೆಯ ನೀಲಗಿರಿ ತೋಪುಗಳು ಬೇರೆ ಜಾತಿಯವು. ಅವನ್ನು ಬೆಳೆಸಿದ್ದು ಮರಮುಟ್ಟು, ಕಾಗದಕ್ಕಾಗಿ. ಎಣ್ಣೆಯ ಮುಖ್ಯ ಅಂಶ ಸಿನಿಯೋಲ್. ಇದು ಬೇಗ ಆವಿಯಾಗುತ್ತೆ, ಬೇಗ ಬೆಂಕಿ ಹಿಡಿಯುತ್ತೆ. ಒಲೆ, ದೀಪದ ಹತ್ತಿರ ಇಡಬೇಡಿ.

ಹೇಗೆ ಬಳಸೋದು?
1. ಮೈಕೈ ನೋವು: ದಿನವಿಡೀ ಗುದ್ದಲಿ ಹಿಡಿದ ಭುಜಕ್ಕೆ, ಒಂದು ಟೀ ಚಮಚ ಕೊಬ್ಬರಿ ಎಣ್ಣೆಗೆ 2 ಹನಿ ಬೆರೆಸಿ ಹಚ್ಚಿ. ಬರೀ ಎಣ್ಣೆ ಹಚ್ಚಿದರೆ ಚರ್ಮ ಉರಿಯುತ್ತೆ. ಗಾಯದ ಮೇಲೆ, ಕಣ್ಣಿನ ಹತ್ತಿರ ಬೇಡ.
2. ಮೂಗು ಕಟ್ಟಿದಾಗ: ದೊಡ್ಡವರು ಕರ್ಚೀಫಿಗೆ 1 ಹನಿ ಹಾಕಿ ವಾಸನೆ ತಗೊಂಡರೆ ಸಾಕು. ಉಸಿರಾಟ ಸಲೀಸಾದಂತೆ ಅನಿಸುತ್ತೆ, ಆದರೆ ನೆಗಡಿ ವಾಸಿ ಮಾಡೋ ಮದ್ದಲ್ಲ.
3. ನೆಲ ಒರೆಸಲು: ಎಣ್ಣೆ ನೀರಲ್ಲಿ ಬೆರೆಯಲ್ಲ. ಮೊದಲು ಸೋಪಿನ ದ್ರಾವಣಕ್ಕೆ 10 ಹನಿ ಕಲಸಿ, ಆಮೇಲೆ ಬಕೆಟ್ಟಿಗೆ ಹಾಕಿ.
4. ಹೊಸ ಸ್ಟೀಲ್ ಪಾತ್ರೆಯ ಸ್ಟಿಕ್ಕರ್ ಅಂಟು: ಬಟ್ಟೆಗೆ ಎರಡು ಹನಿ ಹಾಕಿ ಉಜ್ಜಿ, ಸೋಪಿನಲ್ಲಿ ತೊಳೆಯಿರಿ.

ಯಾರಿಗೆ ಬೇಡ?
ಚಿಕ್ಕ ಮಕ್ಕಳ ಮೂಗು, ಎದೆಗೆ ಹಚ್ಚಬೇಡಿ. ಅವರ ಹಬೆ ನೀರಿಗೂ ಹಾಕಬೇಡಿ. ಫಿಟ್ಸ್ ಇರುವವರು ಇದರ ವಾಸನೆಯಿಂದಲೂ ದೂರ ಇರೋದು ಒಳ್ಳೇದು. ಕೆಮ್ಮಿಗೆ ಅಂತ ಸಕ್ಕರೆ ಮೇಲೆ ಹನಿ ಹಾಕಿ ತಿನ್ನಿಸೋ ರೂಢಿ ಇದ್ದರೆ ಇವತ್ತೇ ನಿಲ್ಲಿಸಿ.

ಮಗು ಕುಡಿದುಬಿಟ್ಟರೆ?
ಮಗುವಿಗೆ ಒಂದು ಚಮಚವೂ ಪ್ರಾಣಾಪಾಯ ತರಬಹುದು. ಕೆಲವೇ ನಿಮಿಷಗಳಲ್ಲಿ ಮಂಪರು, ಫಿಟ್ಸ್ ಬರಬಹುದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲೇಬೇಡಿ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಇನ್ನೂ ಕಷ್ಟ. 'ನೋಡೋಣ' ಅಂತ ಕಾಯದೆ 108ಕ್ಕೆ ಫೋನ್ ಮಾಡಿ, ಬಾಟಲಿ ಸಮೇತ ಆಸ್ಪತ್ರೆಗೆ ಹೋಗಿ.

ನಮ್ಮ ಮನೆಯಲ್ಲಿ ಆ ಬಾಟಲಿ ಈಗ ಬೀರುವಿನ ಮೇಲಿನ ಅರೆಯಲ್ಲಿ, ಬೀಗದೊಳಗಿದೆ. ಕೀಟನಾಶಕ ಮಕ್ಕಳ ಕೈಗೆ ಸಿಗದಂತೆ ಇಡ್ತೀವಲ್ಲ, ಇದನ್ನೂ ಹಾಗೇ ಇಡಿ. ಈ ಲೇಖನ ಓದಿ ಫೋನ್ ಕೆಳಗಿಟ್ಟ ತಕ್ಷಣ ಎದ್ದು ಹೋಗಿ, ನಿಮ್ಮ ಮನೆಯ ಬಾಟಲಿ ಎಲ್ಲಿದೆ ನೋಡಿ.